ಮಗುವಿಗೆ ಪಥ್ಯ ಹೇಳುವ ಮೊದಲು ಅಡುಗೆಮನೆ ನೋಡಿ

ಮನೆಗೆ ಸಾಮಾನು ತರುವವರಿಗೆ, ಅಡುಗೆ ಮಾಡಿ ಬಡಿಸುವವರಿಗೆ, ಮೊಮ್ಮಕ್ಕಳಿಗೆಂದು ತಿಂಡಿ ಹಿಡಿದುಕೊಂಡು ಬರುವ ಅಜ್ಜ ಅಜ್ಜಿಯರಿಗೆ, ಮತ್ತು ಮಕ್ಕಳ ಆರೋಗ್ಯದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ನಮಸ್ಕಾರ.

ಮಗುವಿನ ತೂಕ ಜಾಸ್ತಿಯಾಗಿದೆ ಎಂದು ಗೊತ್ತಾದ ಕೂಡಲೇ ಮನೆಯಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ. ಆ ಮಗುವಿನ ತಟ್ಟೆಗೆ ಮಾತ್ರ ಬಡಿಸುವುದು ಕಡಿಮೆಯಾಗುತ್ತದೆ. "ನಿನಗೆ ಸಾಕು, ತಮ್ಮನಿಗಿರಲಿ" ಎನ್ನುತ್ತಾರೆ. ಕುರುಕಲು ತಿಂಡಿಯ ಡಬ್ಬ ಮೇಲಿನ ಕಪಾಟಿಗೆ ಹೋಗುತ್ತದೆ. ಉಳಿದವರೆಲ್ಲ ಮೊದಲಿನ ಹಾಗೆಯೇ ತಿಂದುಕೊಂಡಿರುತ್ತಾರೆ. ಏಳೆಂಟು ವರ್ಷದ ಮಗು ಒಂದೇ ಪಥ್ಯ ಮಾಡಬೇಕು. ದೊಡ್ಡವರಿಂದಲೇ ಆಗದ್ದನ್ನು ಅದು ಮಾಡಿ ತೋರಿಸಬೇಕು.

ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮಗುವನ್ನು ಬದಲಿಸಲು ಹೊರಡುವ ಮೊದಲು ಮನೆಯನ್ನು ಬದಲಿಸಿ. ಏನು ಕೊಳ್ಳಬೇಕು, ಅದನ್ನು ಎಲ್ಲಿಡಬೇಕು, ಎಷ್ಟು ಬಡಿಸಬೇಕು, ಎಷ್ಟು ಹೊತ್ತಿಗೆ ಉಣ್ಣಬೇಕು, ಉಣ್ಣುವಾಗ ಟೀವಿ ಇರಬೇಕೋ ಬೇಡವೋ, ಅತ್ತಾಗ ಏನು ಕೊಟ್ಟು ಸಮಾಧಾನ ಮಾಡಬೇಕು. ಇವನ್ನೆಲ್ಲ ತೀರ್ಮಾನಿಸುವವರು ನಾವು. ತೂಕದ ಹೊಣೆ ಮಾತ್ರ ಮಗುವಿನ ತಲೆಗೆ ಬರುತ್ತದೆ. ನನಗೆ ಇದು ಅನ್ಯಾಯ ಅನಿಸುತ್ತದೆ. ಸಾಲದ್ದಕ್ಕೆ, ಇದರಿಂದ ತೂಕವೂ ಇಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ 5ರಿಂದ 19 ವರ್ಷದೊಳಗಿನ 39 ಕೋಟಿಗೂ ಹೆಚ್ಚು ಮಕ್ಕಳ ತೂಕ ಇರಬೇಕಾದ್ದಕ್ಕಿಂತ ಜಾಸ್ತಿ ಇತ್ತು. ಅವರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜು. 1990ರಲ್ಲಿ ಈ ವಯಸ್ಸಿನವರಲ್ಲಿ ಶೇ. 2ರಷ್ಟಿದ್ದ ಬೊಜ್ಜು 2022ಕ್ಕೆ ಶೇ. 8ಕ್ಕೆ ಮುಟ್ಟಿತು. ಮೂವತ್ತು ಚಿಲ್ಲರೆ ವರ್ಷದಲ್ಲಿ ಮಕ್ಕಳ ಬಾಯಿಚಪಲ ನಾಲ್ಕು ಪಟ್ಟಾಯಿತೇ? ಸೋಮಾರಿತನ ನಾಲ್ಕು ಪಟ್ಟಾಯಿತೇ? ಇಲ್ಲ ಅಲ್ವಾ. ಮಕ್ಕಳು ಆಗಲೂ ಮಕ್ಕಳೇ, ಈಗಲೂ ಮಕ್ಕಳೇ. ಅವರ ಕೈಗೆ ಸಿಗುವ ಆಹಾರ ಬದಲಾಗಿದೆ.

ಇಸ್ರೇಲಿನಲ್ಲಿ ಮೋರಿಯಾ ಗೋಲನ್ ಮತ್ತು ಅವರ ಜೊತೆಗಾರರು ಮಾಡಿದ ಒಂದು ಪ್ರಯೋಗವಿದೆ. 1998ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಬೊಜ್ಜಿದ್ದ 6ರಿಂದ 11 ವರ್ಷದ 60 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಮಕ್ಕಳನ್ನೇ ಕರೆದು ಏನು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ಹೇಳಿಕೊಟ್ಟರು. ಇನ್ನೊಂದರಲ್ಲಿ ಮಕ್ಕಳನ್ನು ಕರೆಯಲೇ ಇಲ್ಲ. ಅಪ್ಪ ಅಮ್ಮಂದಿರನ್ನು ಮಾತ್ರ ಕರೆದು, ಮನೆಯ ಆಹಾರವನ್ನೂ ಮನೆಯ ಅಭ್ಯಾಸಗಳನ್ನೂ ಹೇಗೆ ಬದಲಿಸಬೇಕು ಎಂದು ಹೇಳಿದರು. ಒಂದು ವರ್ಷ ಕಳೆದ ಮೇಲೆ ಹೆಚ್ಚಿನ ತೂಕ ಚೆನ್ನಾಗಿ ಇಳಿದದ್ದು ಈ ಎರಡನೇ ಗುಂಪಿನ ಮಕ್ಕಳಲ್ಲಿ. ಮಕ್ಕಳನ್ನೇ ಕರೆದ ಗುಂಪಿನಲ್ಲಿ ಅರ್ಧಕ್ಕೇ ಬಿಟ್ಟುಹೋದವರೂ ಹೆಚ್ಚು. ಯೋಚಿಸಿ ನೋಡಿ. "ನೀನು ದಪ್ಪ ಇದ್ದೀಯ, ಅದಕ್ಕೇ ಇಲ್ಲಿಗೆ ಬಂದಿದ್ದೀಯ" ಎಂದು ಒಂದು ಸಲವೂ ಅನ್ನಿಸಿಕೊಳ್ಳದ ಮಕ್ಕಳಿಗೇ ಹೆಚ್ಚು ಅನುಕೂಲವಾಯಿತು.

ಅಮೆರಿಕದ ಬಾಸ್ಟನ್ನಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗವನ್ನೂ ಇಲ್ಲಿ ಹೇಳಲೇಬೇಕು. ತೂಕ ಜಾಸ್ತಿ ಇದ್ದ, ದಿನಾ ಸಕ್ಕರೆ ಪಾನೀಯ ಕುಡಿಯುವ ಅಭ್ಯಾಸವಿದ್ದ 224 ಹದಿಹರೆಯದವರನ್ನು ಆರಿಸಿಕೊಂಡರು. ಅರ್ಧದಷ್ಟು ಜನರ ಮನೆಗೆ ಒಂದು ವರ್ಷ ಕಾಲ ನೀರಿನ ಬಾಟಲಿಗಳನ್ನೂ ಸಕ್ಕರೆಯಿಲ್ಲದ ಪಾನೀಯಗಳನ್ನೂ ತಂದು ಇಳಿಸಿದರು. ಜೊತೆಗೆ ಒಂದಿಷ್ಟು ಉತ್ತೇಜನದ ಮಾತು. ವರ್ಷದ ಕೊನೆಗೆ ನೋಡಿದರೆ ಈ ಮಕ್ಕಳ ತೂಕ ಇನ್ನೊಂದು ಗುಂಪಿನವರಷ್ಟು ಏರಿರಲಿಲ್ಲ. ಸರಾಸರಿ ವ್ಯತ್ಯಾಸ 1.9 ಕಿಲೋ. ಆಮೇಲೆ ಪಾನೀಯ ತಂದುಕೊಡುವುದನ್ನು ನಿಲ್ಲಿಸಿದರು. ಮತ್ತೊಂದು ವರ್ಷ ಬಿಟ್ಟು ಅಳೆದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ.

ಈ ಪ್ರಯೋಗವನ್ನು "ಕೊನೆಗೂ ಸೋತಿತು" ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮನೆಯಲ್ಲಿ ಏನಿತ್ತೋ ಅದನ್ನು ಮಕ್ಕಳು ಕುಡಿದರು. ನೀರಿದ್ದಾಗ ನೀರು ಕುಡಿದರು. ಹದಿನೈದು ಹದಿನಾರರ ಹುಡುಗ ಹುಡುಗಿಯರೇ ಹೀಗಾದರೆ, ಐದು ವರ್ಷದ ಕೂಸಿನ ಮನೋಬಲವನ್ನು ನಂಬಿಕೊಂಡು ಕೂರುವುದು ಸರಿಯೇ?

"ಇದು ನಮ್ಮ ವಂಶದ್ದೇ, ಏನು ಮಾಡಿದರೂ ಅಷ್ಟೇ" ಎನ್ನುವವರಿಗೆ ಒಂದು ಮಾತು. ನೀವು ಹೇಳುವುದರಲ್ಲಿ ನಿಜವಿದೆ. ತೂಕಕ್ಕೂ ವಂಶಕ್ಕೂ ಗಟ್ಟಿ ನಂಟಿದೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಹಸಿವು ಜಾಸ್ತಿ, ಹೊಟ್ಟೆ ತುಂಬಿತು ಎಂಬ ಸೂಚನೆ ನಿಧಾನ. ಆದರೆ 2018ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಅಧ್ಯಯನ ಈ ಮಾತಿಗೆ ಇನ್ನೊಂದು ಮುಖ ತೋರಿಸಿತು. ನಾಲ್ಕು ವರ್ಷದ ಅವಳಿ ಮಕ್ಕಳಿದ್ದ 900ಕ್ಕೂ ಹೆಚ್ಚು ಮನೆಗಳನ್ನು ಅವರು ನೋಡಿದರು. ಮನೆಯಲ್ಲಿ ಎಂಥ ಆಹಾರವಿದೆ, ಮಕ್ಕಳಿಗೆ ಆಡಲು ಅವಕಾಶವಿದೆಯೇ, ಪರದೆಯ ಮುಂದೆ ಎಷ್ಟು ಹೊತ್ತು ಎಂದು ಕೇಳಿ, ಮನೆಗಳನ್ನು ಎರಡು ಬಗೆ ಮಾಡಿದರು. ತೂಕ ಏರಲು ಹೆಚ್ಚು ಅನುಕೂಲವಿದ್ದ ಮನೆಗಳಲ್ಲಿ, ಮಗುವಿನಿಂದ ಮಗುವಿಗೆ ಕಾಣುವ ತೂಕದ ವ್ಯತ್ಯಾಸದಲ್ಲಿ ವಂಶದ ಪಾಲು ಶೇ. 86. ಅಂಥ ಅನುಕೂಲ ಕಡಿಮೆಯಿದ್ದ ಮನೆಗಳಲ್ಲಿ ಅದೇ ಪಾಲು ಶೇ. 39.

ಅಂದರೆ ಹುಟ್ಟಿನಿಂದ ಬಂದ ಗುಣ ಎಲ್ಲ ಮನೆಯಲ್ಲೂ ಒಂದೇ ಥರ ಹೊರಗೆ ಬರುವುದಿಲ್ಲ. ಬೀಜ ಯಾವುದೇ ಇರಲಿ, ಮೊಳೆಯಲು ನೆಲದ ಹದ ಬೇಕು. ದಪ್ಪ ಆಗುವ ಗುಣ ವಂಶದಲ್ಲೇ ಇದೆ ಎಂದು ಗೊತ್ತಿರುವ ಮನೆಯವರು ಅದನ್ನು ಕೈಚೆಲ್ಲಲು ಕಾರಣ ಮಾಡಿಕೊಳ್ಳಬಾರದು. ಅಂಥ ಮನೆಯಲ್ಲೇ ಅಡುಗೆಮನೆಯ ಕಡೆ ಗಮನ ಜಾಸ್ತಿ ಬೇಕು.

ಹಾಗಾದರೆ ಡಬ್ಬ ಬಚ್ಚಿಡುವುದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ತಪ್ಪು ಇರುವುದು ತಂದು ಬಚ್ಚಿಡುವುದರಲ್ಲಿ. ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ಸಂಶೋಧಕಿಯರು ಪುಟ್ಟ ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿ 1999ರಲ್ಲಿ ಬರೆದರು. ಹೆಚ್ಚುಕಡಿಮೆ ಒಂದೇ ಥರದ ಎರಡು ತಿನಿಸು. ಒಂದನ್ನು ಬೇಕಾದಾಗ ತೆಗೆದುಕೊಳ್ಳಲು ಬಿಟ್ಟರು. ಇನ್ನೊಂದನ್ನು ಸ್ವಲ್ಪ ಹೊತ್ತು ಮಾತ್ರ ಕೊಟ್ಟು ಮಿಕ್ಕ ಹೊತ್ತು ತಡೆದರು. ಮಕ್ಕಳ ಮಾತು, ಬೇಡಿಕೆ, ಗಮನ ಎಲ್ಲವೂ ತಡೆದ ತಿನಿಸಿನ ಕಡೆಗೇ ತಿರುಗಿತು. ಮನೆಯಲ್ಲೂ ಹೀಗೇ. ಮೇಲಿನ ಕಪಾಟಿನಲ್ಲಿ ಚಾಕಲೇಟು ಇದೆ ಎಂದು ಗೊತ್ತಿರುವ ಮಗುವಿನ ತಲೆಯಲ್ಲಿ ದಿನವೆಲ್ಲ ಅದೇ ಸುತ್ತುತ್ತಿರುತ್ತದೆ. ಕದ್ದು ತಿನ್ನುವುದು ಶುರುವಾಗುತ್ತದೆ. ಸಿಕ್ಕಾಗ ಆತುರಾತುರವಾಗಿ, ಬೇಕಾದ್ದಕ್ಕಿಂತ ಜಾಸ್ತಿ ತಿನ್ನುತ್ತದೆ. ಆಮೇಲೆ ಸಿಕ್ಕಿಬಿದ್ದು ಬೈಸಿಕೊಳ್ಳುತ್ತದೆ. ಹಸಿವಿಗೂ ತಪ್ಪಿತಸ್ಥ ಭಾವನೆಗೂ ಅಲ್ಲೇ ಗಂಟು ಬೀಳುತ್ತದೆ. ದೊಡ್ಡವರಾದ ಮೇಲೂ ಆ ಗಂಟು ಬಿಡಿಸಲು ಕಷ್ಟ.

ಮನೆಗೆ ತರದೇ ಇದ್ದರೆ ಈ ಜಗಳವೇ ಇಲ್ಲ. "ಇಲ್ಲ" ಎನ್ನುವುದನ್ನು ಅಂಗಡಿಯಲ್ಲಿ ಒಂದು ಸಲ ಹೇಳಿದರೆ ಮುಗಿಯಿತು. ಮನೆಗೆ ತಂದ ಮೇಲೆ ದಿನಕ್ಕೆ ಹತ್ತು ಸಲ ಹೇಳಬೇಕು, ಅದೂ ಅತ್ತು ಹಟ ಮಾಡುವ ಮಗುವಿಗೆ. ಹಾಗಂತ ಯಾವುದನ್ನೂ ಎಂದೂ ತಿನ್ನಲೇಬಾರದು ಎಂದಲ್ಲ. ಹಬ್ಬವಿರಲಿ, ಹುಟ್ಟುಹಬ್ಬವಿರಲಿ, ಎಲ್ಲರೂ ಕೂತು ಖುಷಿಯಾಗಿ ತಿನ್ನಿ. ತಿನ್ನುವಾಗ ಲೆಕ್ಕ ಹಾಕಬೇಡಿ, ಮಗುವಿನ ಮುಖ ನೋಡಿ ಮೂಗು ಮುರಿಯಬೇಡಿ. ನಾನು ಬೇಡ ಎನ್ನುತ್ತಿರುವುದು ದಿನಾ ಮನೆಯಲ್ಲಿ ಸ್ಟಾಕ್ ಇಡುವುದನ್ನು.

ಬಿಟ್ಟ ಜಾಗಕ್ಕೆ ಏನಾದರೂ ಬರಬೇಕು, ಇದನ್ನು ಬಹಳ ಮನೆಗಳಲ್ಲಿ ಮರೆಯುತ್ತಾರೆ. ಶಾಲೆಯಿಂದ ಬಂದ ಮಗುವಿಗೆ ಜೋರು ಹಸಿವಿರುತ್ತದೆ. ಬೇಗ ಕೈಗೆ ಸಿಕ್ಕಿದ್ದನ್ನು ಅದು ತಿನ್ನುತ್ತದೆ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡೀ ಹಣ್ಣಿದೆ, ಮೇಜಿನ ಮೇಲೆ ಬಿಸ್ಕತ್ತಿನ ಪ್ಯಾಕೆಟ್ ಇದೆ ಎಂದರೆ ಗೆಲ್ಲುವುದು ಪ್ಯಾಕೆಟ್ಟೇ. ಹಣ್ಣು ಮನೆಯಲ್ಲಿದ್ದರೆ ಸಾಲದು. ತೊಳೆದು, ಹೆಚ್ಚಿ, ಮಗುವಿನ ಕಣ್ಣಿನ ಎತ್ತರಕ್ಕೆ ಇಟ್ಟಿರಬೇಕು. ಐದು ನಿಮಿಷದ ಕೆಲಸ. ಆ ಐದು ನಿಮಿಷ ಯಾರದ್ದು ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಬಡಿಸುವವರ ಹತ್ತಿರ ಮಾತಾಡಬೇಕು. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂಶಯವೇ ಇಲ್ಲ. "ಇನ್ನೊಂದು ತುತ್ತು, ಇದೊಂದೇ ತುತ್ತು" ಎನ್ನುವುದರಲ್ಲಿ ಇರುವುದು ಅಕ್ಕರೆಯೇ. ತಲೆಮಾರುಗಳಿಂದ ಹಸಿವು ಕಂಡ ಮನೆಗಳಲ್ಲಿ ಗುಂಡುಗುಂಡಾದ ಮಗು ಎಂದರೆ ಒಂದು ನೆಮ್ಮದಿ. ಆ ನೆಮ್ಮದಿ ಸುಮ್ನೆ ಬಂದದ್ದಲ್ಲ, ಅದರ ಹಿಂದೆ ಕಷ್ಟದ ದಿನಗಳಿವೆ. ಆದರೂ ಕೇಳಿ. 2000ದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮಕ್ಕಳಿಗೆ ಬೇರೆ ಬೇರೆ ದಿನ ಕಡಿಮೆ, ಮಧ್ಯಮ, ದೊಡ್ಡ ಪ್ರಮಾಣದಲ್ಲಿ ಬಡಿಸಿ ನೋಡಿದರು. ಮೂರು ವರ್ಷದವರು ಎಷ್ಟು ಬಡಿಸಿದರೂ ತಮಗೆ ಬೇಕಾದಷ್ಟೇ ತಿಂದರು. ಐದು ವರ್ಷದವರು ಹೆಚ್ಚು ಬಡಿಸಿದಾಗ ಹೆಚ್ಚು ತಿಂದರು. ಮೂರರ ಕೂಸಿಗೆ ತನ್ನ ಹೊಟ್ಟೆಯ ಮಾತು ಕೇಳಿಸುತ್ತಿತ್ತು. ಐದಕ್ಕೆ ಬರುವ ಹೊತ್ತಿಗೆ ತಟ್ಟೆಯ ಮಾತು ಜೋರಾಗಿತ್ತು.

ಮೂರು ವರ್ಷದ ನಂತರ ಅದೇ ಸಂಶೋಧಕರ ಬಳಗದಿಂದ ಇನ್ನೊಂದು ವರದಿ ಬಂತು. ಊಟದ ಮುಖ್ಯ ಪದಾರ್ಥವನ್ನು ಎರಡು ಪಟ್ಟು ಬಡಿಸಿದಾಗ ಮಕ್ಕಳು ಅದನ್ನು ಶೇ. 25ರಷ್ಟು ಹೆಚ್ಚು ತಿಂದರು. ತುತ್ತುಗಳೂ ದೊಡ್ಡದಾದವು. ಆದರೆ ತಾವೇ ಬಡಿಸಿಕೊಳ್ಳಲು ಬಿಟ್ಟಾಗ, ದೊಡ್ಡ ಪ್ರಮಾಣ ಬಡಿಸಿದ ದಿನಕ್ಕಿಂತ ಶೇ. 25ರಷ್ಟು ಕಡಿಮೆ ತಿಂದರು. ಆದ್ದರಿಂದ ಚಮಚವನ್ನು ಮಗುವಿನ ಕೈಗೆ ಕೊಡಿ. ಮೊದಲು ಸ್ವಲ್ಪ ಹಾಕಿಕೊಳ್ಳಲಿ, ಬೇಕಾದರೆ ಮತ್ತೆ ಕೇಳಲಿ. ಎರಡನೇ ಸಲ ಕೇಳಿದಾಗ ಗೊಣಗದೆ ಕೊಡಿ. ಸಾಕು ಎಂದಾಗ ತಟ್ಟೆ ತೆಗೆಯಿರಿ. ಉಳಿದದ್ದು ಉಳಿಯಲಿ. ಎಲ್ಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಈ ಕೆಲಸವನ್ನು ಬಹಳ ಚೆನ್ನಾಗಿ ಹಂಚಿಕೊಟ್ಟಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ತೀರ್ಮಾನ. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದು ಮಗುವಿನ ತೀರ್ಮಾನ. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಏನು ಬೇಕು ಎಂದು ಮಗುವನ್ನು ಕೇಳುತ್ತೇವೆ, ಎಷ್ಟು ಎಂಬುದನ್ನು ನಾವು ಹೇಳುತ್ತೇವೆ.

ತರಕಾರಿ ತಿನ್ನಿಸಲು ಬಲವಂತ ಮಾಡುವುದೂ ಕೆಲಸಕ್ಕೆ ಬರುವುದಿಲ್ಲ. "ಸೂಪ್ ಮುಗಿಸು" ಎಂದು ಒತ್ತಾಯ ಮಾಡಿದಾಗ ಪುಟ್ಟ ಮಕ್ಕಳು ಕಡಿಮೆ ಕುಡಿದರು, ಸುಮ್ಮನೆ ಬಿಟ್ಟಾಗ ಹೆಚ್ಚು ಕುಡಿದರು ಎಂದು 2006ರ ಒಂದು ಅಧ್ಯಯನ ಹೇಳಿದೆ. ತರಕಾರಿ ತಿಂದರೆ ಐಸ್‌ಕ್ರೀಂ ಎಂಬ ಆಮಿಷವೂ ಬೇಡ. ತರಕಾರಿ ಎಂದರೆ ಶಿಕ್ಷೆ, ಐಸ್‌ಕ್ರೀಂ ಎಂದರೆ ಬಹುಮಾನ ಎಂದು ನಾವೇ ಕಲಿಸಿದ ಹಾಗಾಗುತ್ತದೆ. ಹೊಸ ರುಚಿ ಒಗ್ಗಲು ಮಗುವಿಗೆ ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಸಲ ಬೇಕಾಗುತ್ತದೆ. ಎರಡು ಸಲ ಉಗುಳಿದ್ದಕ್ಕೆ "ಇವನಿಗೆ ಇದು ಸೇರುವುದಿಲ್ಲ" ಎಂದು ಷರಾ ಬರೆಯಬೇಡಿ.

ಜ್ಯೂಸ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಣ್ಣಿನದ್ದೇ ಆದ್ದರಿಂದ ಒಳ್ಳೆಯದು ಎಂಬ ನಂಬಿಕೆ ಗಟ್ಟಿಯಾಗಿದೆ. ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಜೇನಿನ ಸಕ್ಕರೆಯನ್ನೂ ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ಮಾಡಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸಿದೆ. ದಿನದ ಶಕ್ತಿಯಲ್ಲಿ ಅದರ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿ, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು 2015ರಲ್ಲಿ ಹೇಳಿತು. ಹಣ್ಣನ್ನು ಅಗಿದು ತಿಂದರೆ ಹೊಟ್ಟೆ ತುಂಬುತ್ತದೆ, ಕುಡಿದರೆ ಅಷ್ಟು ತುಂಬುವುದಿಲ್ಲ. ನೆದರ್ಲೆಂಡ್ಸಿನಲ್ಲಿ 641 ಮಕ್ಕಳಿಗೆ 18 ತಿಂಗಳು ದಿನಕ್ಕೊಂದು 250 ಮಿಲಿಲೀಟರಿನ ಪಾನೀಯ ಕೊಟ್ಟು ನೋಡಿದರು. ಸಕ್ಕರೆ ಇರುವುದು ಯಾರಿಗೆ, ಇಲ್ಲದ್ದು ಯಾರಿಗೆ ಎಂದು ಮಕ್ಕಳಿಗೆ ಗೊತ್ತಿರಲಿಲ್ಲ. ಸಕ್ಕರೆ ಇಲ್ಲದ್ದು ಕುಡಿದವರ ತೂಕ ಸರಾಸರಿ 6.35 ಕಿಲೋ ಏರಿತು, ಸಕ್ಕರೆಯದ್ದು ಕುಡಿದವರದ್ದು 7.37 ಕಿಲೋ. ದಿನಕ್ಕೆ ಒಂದೇ ಒಂದು ಲೋಟದ ವ್ಯತ್ಯಾಸ ಇದು. ಬಾಯಾರಿದಾಗ ನೀರು ಕೊಡಿ.

ಊಟದ ಹೊತ್ತು, ನಿದ್ದೆ, ಪರದೆ. ಅಮೆರಿಕದಲ್ಲಿ ನಾಲ್ಕು ವರ್ಷದ 8,550 ಮಕ್ಕಳ ಮಾಹಿತಿ ನೋಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮೂರನ್ನೂ ಒಟ್ಟಿಗೆ ನೋಡಿತು. ವಾರದಲ್ಲಿ ಐದಕ್ಕಿಂತ ಹೆಚ್ಚು ರಾತ್ರಿ ಮನೆಯವರ ಜೊತೆ ಊಟ, ರಾತ್ರಿ ಕನಿಷ್ಠ ಹತ್ತೂವರೆ ಗಂಟೆ ನಿದ್ದೆ, ದಿನಕ್ಕೆ ಎರಡು ಗಂಟೆ ಮೀರದ ಟೀವಿ. ಮೂರೂ ಇದ್ದ ಮಕ್ಕಳಲ್ಲಿ ಬೊಜ್ಜು ಶೇ. 14.3, ಒಂದೂ ಇಲ್ಲದವರಲ್ಲಿ ಶೇ. 24.5. ಇವೇ ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು, ಅಂಥ ಮನೆಗಳಲ್ಲಿ ಬೇರೆ ಅನುಕೂಲಗಳೂ ಇರಬಹುದು. ಆದರೂ ಊಟದ ಹೊತ್ತಿಗೆ ಟೀವಿ, ಮೊಬೈಲು ಆಫ್ ಮಾಡುವುದರಿಂದ ಯಾರಿಗೂ ನಷ್ಟವಿಲ್ಲ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ. ಮೊಬೈಲು ತೋರಿಸಿ ತುತ್ತು ಹಾಕುವವರು ಇದನ್ನು ಗಮನಿಸಬೇಕು.

ಮನೆಯಲ್ಲಿ ಆಡುವ ಮಾತೂ ಈ ವಾತಾವರಣದ ಒಂದು ಭಾಗ. ಡುಮ್ಮ, ಡುಮ್ಮಿ, ಗುಂಡ ಎಂಬ ಅಡ್ಡಹೆಸರುಗಳನ್ನು ಇವತ್ತೇ ನಿಲ್ಲಿಸಿ. ಪ್ರೀತಿಯಿಂದ ಕರೆದದ್ದು ಎಂದು ಹೇಳಬೇಡಿ, ಕೇಳುವ ಮಗುವಿಗೆ ಹಾಗೆ ಅನಿಸುವುದಿಲ್ಲ. ಮಗುವಿನ ತೂಕದ ಬಗ್ಗೆ ಅಪ್ಪ ಅಮ್ಮ ಮಾತಾಡುವ ಮನೆಗಳ ಹದಿಹರೆಯದವರಲ್ಲಿ ಊಟ ಬಿಡುವುದು, ಮಿತಿಮೀರಿ ತಿನ್ನುವುದು ಇಂಥವು ಹೆಚ್ಚು ಎಂದು ಅಮೆರಿಕದ 2013ರ ಒಂದು ಅಧ್ಯಯನ ತೋರಿಸಿತು. ತೂಕದ ಮಾತೆತ್ತದೆ ಒಳ್ಳೆಯ ಆಹಾರದ ಬಗ್ಗೆ ಮಾತ್ರ ಮಾತಾಡುವ ಮನೆಗಳಲ್ಲಿ ಅದು ಕಡಿಮೆ. ಕನ್ನಡಿ ಮುಂದೆ ನಿಂತು ನಿಮ್ಮ ಹೊಟ್ಟೆಯನ್ನು ನೀವೇ ಬೈದುಕೊಳ್ಳುವುದನ್ನೂ ಮಗು ಕೇಳಿಸಿಕೊಳ್ಳುತ್ತದೆ.

ಇಷ್ಟು ಓದಿದ ಮೇಲೆ ಯಾರೋ ಒಬ್ಬ ಅಮ್ಮ "ಹಾಗಾದರೆ ಎಲ್ಲ ನನ್ನದೇ ತಪ್ಪು" ಎಂದುಕೊಂಡಿರಬಹುದು. ಇಲ್ಲಮ್ಮ, ಇದು ನಿಮ್ಮೊಬ್ಬರ ತಪ್ಪಲ್ಲ. ಹಣ್ಣು ಹೆಚ್ಚುವ ಆ ಐದು ನಿಮಿಷ ಯಾರದ್ದು ಎಂದು ಆಗ ಕೇಳಿದ್ದೆ. ಮನೆಯ ಎಲ್ಲರದ್ದೂ ಹೌದು. ಆರೋಗ್ಯದ ಬಗ್ಗೆ ಬರೆಯುವವರು ಅಮ್ಮಂದಿರಿಗೆ ಕೆಲಸದ ಪಟ್ಟಿ ಉದ್ದ ಮಾಡಿಕೊಡುತ್ತಾರೆ, ಅಪ್ಪಂದಿರ ಹೆಸರನ್ನೇ ಎತ್ತುವುದಿಲ್ಲ. ಇದು ನಿಲ್ಲಬೇಕು. ಸಂಜೆ ಮನೆಗೆ ಬರುವಾಗ ಚಿಪ್ಸ್ ಪ್ಯಾಕೆಟ್ ಹಿಡಿದು ಬರುವ ಅಪ್ಪ, ಕೇಳಿದಾಗಲೆಲ್ಲ ಸಿಹಿ ಕೊಡುವ ಅಜ್ಜ, ಎಲ್ಲರೂ ಒಂದು ಸಲ ಕೂತು ಮಾತಾಡಿಕೊಳ್ಳಬೇಕು. ಒಬ್ಬರು ಬೇಡ ಎಂದದ್ದನ್ನು ಇನ್ನೊಬ್ಬರು ಗುಟ್ಟಾಗಿ ಕೊಡುವ ಮನೆಯಲ್ಲಿ ಯಾವ ಬದಲಾವಣೆಯೂ ನಿಲ್ಲುವುದಿಲ್ಲ.

ದುಡ್ಡಿನ ಮಾತೂ ಇದೆ. ಪ್ಯಾಕೆಟ್ ತಿಂಡಿ ಕೆಡುವುದಿಲ್ಲ, ಮಗು ಬೇಡ ಎನ್ನುವುದಿಲ್ಲ. ಹಣ್ಣು ತರಕಾರಿ ಕೆಡುತ್ತದೆ, ಮಗು ಉಗುಳಿದರೆ ದುಡ್ಡು ಹೋಯಿತು. ಕೈ ಬಿಗಿ ಇರುವ ಮನೆಯವರು ಹತ್ತು ಸಲ ಪ್ರಯತ್ನಿಸಿ ಎಂಬ ಸಲಹೆ ಕೇಳಿ ನಿಟ್ಟುಸಿರು ಬಿಟ್ಟರೆ ಅದು ಸಹಜ. ಅವರಿಗೆ ನಾನು ಹೇಳುವುದು ಇಷ್ಟೇ. ಮಗುವಿಗೆಂದೇ ಬೇರೆ ಮಾಡಬೇಡಿ. ನೀವು ತಿನ್ನುವ ಪಲ್ಯದಲ್ಲೇ ಒಂದು ಚಮಚ ಅದರ ತಟ್ಟೆಯ ಬದಿಗಿಡಿ. ತಿಂದರೆ ತಿಂದಿತು, ಬಿಟ್ಟರೆ ಒಂದೇ ಚಮಚ. ಎಲ್ಲವನ್ನೂ ಒಂದೇ ಸಲ ಬದಲಿಸಲೂ ಹೋಗಬೇಡಿ. ನನ್ನನ್ನು ಕೇಳಿದರೆ ಮೊದಲು ಪಾನೀಯ ನಿಲ್ಲಿಸಿ, ಅದರಿಂದ ದುಡ್ಡೂ ಉಳಿಯುತ್ತದೆ.

ಅಧಿಕಾರಿಗಳೇ, ನೀವು ಶಾಲೆಗಳಲ್ಲಿ ಮಕ್ಕಳ ತೂಕ ನೋಡಿಸುತ್ತೀರಿ. ದಯವಿಟ್ಟು ಅದನ್ನು ಮರೆಯಲ್ಲಿ ಮಾಡಿಸಿ, ತರಗತಿಯ ಎದುರು ಅಂಕಿ ಓದಿಸಬೇಡಿ. ಮನೆಗೆ ಚೀಟಿ ಕಳಿಸುವಾಗ ಮಗುವಿಗೆ ಪಥ್ಯ ಬರೆಯುವ ಬದಲು ಮನೆಯಲ್ಲಿ ಏನು ಬದಲಿಸಬಹುದು ಎಂದು ಬರೆಯಿರಿ. ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ, ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೆ ಸಾಕಾಗುತ್ತದೆ ಎಂದೂ ತಿಳಿಸಿ. ಇದನ್ನು ತೀರ್ಮಾನಿಸಬೇಕಾದವರು ವೈದ್ಯರು. ಮಲಗಿದಾಗ ಜೋರಾಗಿ ಗೊರಕೆ ಹೊಡೆಯುವ, ಸ್ವಲ್ಪ ನಡೆದರೂ ಏದುಸಿರು ಬಿಡುವ, ಎತ್ತರ ನಿಂತು ತೂಕ ಮಾತ್ರ ಏರುತ್ತಿರುವ ಮಕ್ಕಳನ್ನು ತಡಮಾಡದೆ ಅವರ ಹತ್ತಿರ ಕಳಿಸಿ.

ಮನೆಯ ಬಾಗಿಲವರೆಗೆ ಏನು ಬರುತ್ತದೆ ಎಂಬುದು ನಿಮ್ಮ ಕೈಯಲ್ಲೂ ಇದೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇರುವ ಪ್ಯಾಕೆಟ್‌ಗಳ ಮುಂಭಾಗದಲ್ಲೇ ಕಪ್ಪು ಎಂಟು ಮೂಲೆಯ ಎಚ್ಚರಿಕೆ ಗುರುತು ಹಾಕಿಸಿತು. ಅಂಥ ತಿನಿಸುಗಳನ್ನು ಶಾಲೆಯಲ್ಲಿ ಮಾರುವುದನ್ನೂ, ಮಕ್ಕಳನ್ನು ಸೆಳೆಯುವ ಅವುಗಳ ಜಾಹೀರಾತನ್ನೂ ತಡೆಯಿತು. ಅಂಗಡಿಯಲ್ಲಿ ಅಳುವ ಮಗುವನ್ನು ಹಿಡಿದು ನಿಂತ ಅಪ್ಪ ಅಮ್ಮನಿಗೆ ಅಷ್ಟು ಬೆಂಬಲವನ್ನಾದರೂ ಕೊಡಿ. ತೂಕ ಜಾಸ್ತಿ ಇರುವ ಮಕ್ಕಳಿಗೆ ನೀವು ಶಿಬಿರ ನಡೆಸುವುದಾದರೆ ಮೊದಲು ಅವರ ಮನೆಯ ದೊಡ್ಡವರನ್ನು ಕರೆಯಿರಿ, ಅಪ್ಪಂದಿರಿಗೂ ಅಜ್ಜ ಅಜ್ಜಿಯರಿಗೂ ಹೆಸರು ಬರೆದು ಚೀಟಿ ಕಳಿಸಿ, ಮತ್ತು ಅವರು ಕೆಲಸ ಮುಗಿಸಿ ಬರಲು ಆಗುವ ಹೊತ್ತಿಗೆ ಶಿಬಿರ ಇಡಿ.

ವಿಶ್ವಾಸದಿಂದ,
ಮಕ್ಕಳ ಹಿತ ಬಯಸುವ ಒಬ್ಬರು